ಬಿಡುವು, ಬಿಡುಗಡೆ

ನಮ್ಮ ಬೀದಿಯ ತುದಿಯಲ್ಲಿ ಒಂದು ಚಿಕ್ಕ ಹೋಟೆಲಿದೆ. ಕಾಲೇಜು ಮುಗಿಸಿಕೊಂಡು ಬರುವಾಗ ಅಲ್ಲಿ ಒಂದು ಲೋಟ ಕಾಫಿ ಕುಡಿದು ಮನೆಗೆ ಹೋಗುವುದು ನನ್ನ ಹಳೆಯ ಪರಿಪಾಠ. ಒಂದು ದಿನ ಮಧ್ಯಾಹ್ನ ಮೂರೂವರೆಗೆ ನನ್ನನ್ನು ಕಂಡ ಹೋಟೆಲಿನ ಯಜಮಾನರು ಗಡಿಯಾರದ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. “ಇದ್ದರೆ ನಿಮ್ಮ ಹಾಗೆ ಇರಬೇಕು ಮೇಷ್ಟ್ರೇ. ಹೊತ್ತು ಮುಳುಗುವ ಮೊದಲು ಮನೆ ಸೇರುವ ನೌಕರಿ ಈ ಬೆಂಗಳೂರಿನಲ್ಲಿ ಬೇರೆ ಯಾರಿಗಿದೆ ಹೇಳಿ!” ಎಂದರು. ಅವರ ಮಗ ಯಾವುದೋ ಕಂಪೆನಿಯಲ್ಲಿದ್ದಾನೆ. ಅವನು ಮನೆಗೆ ಬರುವ ವೇಳೆಗೆ ಇವರು ಮಾರನೆಯ ದಿನದ ಹಿಟ್ಟು ರುಬ್ಬಿಸಿಟ್ಟು ಮಲಗಿರುತ್ತಾರೆ. ನಾನು ಏನೂ ಹೇಳದೆ ನಕ್ಕೆ. ವಿನಯದಿಂದ ನಕ್ಕೆನೆಂದು ಅವರು ತಿಳಿದಿರಬೇಕು. ನಿಜ ಹೇಳುವುದಾದರೆ ಅದು ಹೆಮ್ಮೆಯ ನಗೆ.

ಈ ಹೆಮ್ಮೆ ನನ್ನೊಬ್ಬನದಲ್ಲ. ಅಧ್ಯಾಪಕರ ಕುಲಕ್ಕೇ ಸೇರಿದ್ದು. ಸಂಬಳದ ಮಾತು ಬಂದಾಗಲೆಲ್ಲ ನಾವು ಸ್ವಾತಂತ್ರ್ಯದ ಮಾತೆತ್ತುತ್ತೇವೆ. “ಅವರಿಗೆ ದುಡ್ಡಿದೆ, ನಮಗೆ ಸ್ವಾತಂತ್ರ್ಯವಿದೆ” ಎಂಬುದು ಸ್ಟಾಫ್ ರೂಮಿನ ನಿತ್ಯಪಾರಾಯಣ. ಒಂದು ಕಾಲಕ್ಕೆ ಈ ಮಾತಿನ ಮೊದಲ ಅರ್ಧವಾದರೂ ನಿಜವಾಗಿತ್ತು. ಈಗ ಅದೂ ಪೂರ್ತಿ ನಿಜವಲ್ಲ. ೨೦೧೬ರಿಂದ ಲೆಕ್ಕಕ್ಕೆ ಬಂದ ಯುಜಿಸಿ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕನ ಮೂಲ ವೇತನ ೫೭,೭೦೦ ರೂಪಾಯಿಯಿಂದ ಆರಂಭವಾಗುತ್ತದೆ. ಖಾಯಂ ಹುದ್ದೆ ಸಿಕ್ಕಿದ ಮೇಷ್ಟ್ರು ತಾನು ಬಡವನೆಂದು ಹೇಳಿಕೊಂಡರೆ ಕೇಳಿದವರು ನಗುತ್ತಾರೆ. ಆದುದರಿಂದ ಬಡತನವನ್ನು ಕೈಬಿಟ್ಟು ಸ್ವಾತಂತ್ರ್ಯವೊಂದನ್ನೇ ನಾವು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಅದು ಎಂಥ ಸ್ವಾತಂತ್ರ್ಯವೆಂದು ತಿಕ್ಕಿ ನೋಡುವ ಪ್ರಸಂಗ ನನಗೆ ಬಂದದ್ದು ಇತ್ತೀಚೆಗೆ, ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ.

ಮೊದಲು ನನ್ನ ಗೆಳೆಯನ ವಿಷಯ ಹೇಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಾನು ಕನ್ನಡ ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಅದೇ ಕೋಣೆಯಲ್ಲಿ ಅವನು ಎಂ.ಸಿ.ಎ. ಓದುತ್ತಿದ್ದ. ೨೦೦೨ರಲ್ಲಿ ಇಬ್ಬರ ಪರೀಕ್ಷೆಗಳೂ ಮುಗಿದವು. ಹಾಸ್ಟೆಲು ಬಿಡುವ ಹಿಂದಿನ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತು ಭವಿಷ್ಯವನ್ನು ಹಂಚಿಕೊಂಡೆವು. “ನೀನು ಹಕ್ಕಿಯಾಗಿಯೇ ಇರುತ್ತೀಯ, ನಾನು ಪಂಜರಕ್ಕೆ ಹೊರಟೆ” ಎಂದ ಅವನು. “ಪಂಜರದಲ್ಲಿ ಕಾಳು ಚೆನ್ನಾಗಿ ಹಾಕುತ್ತಾರಂತೆ” ಎಂದೆ ನಾನು. ಇಬ್ಬರೂ ನಕ್ಕೆವು. ಆ ಹಂಚಿಕೆಯನ್ನು ನಾನು ಅನೇಕ ವರ್ಷಗಳ ಕಾಲ ದಾಖಲೆಯ ಪತ್ರದಂತೆ ಜೋಪಾನವಾಗಿಟ್ಟುಕೊಂಡಿದ್ದೆ.

ಅವನು ವೈಟ್‌ಫೀಲ್ಡಿನ ಒಂದು ಕಂಪೆನಿ ಸೇರಿದ. ನಾನು ಬೆಂಗಳೂರಿನಲ್ಲಿಯೇ ಒಂದು ಅನುದಾನಿತ ಕಾಲೇಜಿಗೆ ಬಂದೆ. ತಿಂಗಳಿಗೊಂದು ಭಾನುವಾರ ಲಾಲ್‌ಬಾಗಿನಲ್ಲಿ ಭೇಟಿಯಾಗುತ್ತೇವೆ. ಬಂಡೆಯ ಮೇಲೆ ಕೆಂಪೇಗೌಡರ ಗೋಪುರದವರೆಗೆ ಹತ್ತುವಷ್ಟರಲ್ಲಿ ಅವನ ಕಷ್ಟಗಳ ವರದಿ ಮುಗಿಯುತ್ತಿತ್ತು. ಇಳಿಯುವಾಗ ನಾನು ಉಪದೇಶ ಮಾಡುತ್ತಿದ್ದೆ. ಅವನಿಗೆ ಬೆಳಿಗ್ಗೆ ಒಂಬತ್ತಕ್ಕೆ ಸಭೆ, ರಾತ್ರಿ ಒಂಬತ್ತಕ್ಕೆ ಅಮೆರಿಕದವರೊಡನೆ ಇನ್ನೊಂದು ಸಭೆ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನನ್ನು ೧೯೬೧ರಲ್ಲಿ ಮಾಡಿದಾಗ ದಿನಕ್ಕೆ ೯ ಗಂಟೆ, ವಾರಕ್ಕೆ ೪೮ ಗಂಟೆ ಎಂದು ಮಿತಿ ಹಾಕಿದ್ದರು. ಆ ಮಾತನ್ನು ಹೇಳಿದರೆ ಗೆಳೆಯ ಯಾವುದೋ ಪುರಾಣದ ಕಥೆ ಕೇಳಿದವನಂತೆ ತಲೆದೂಗುತ್ತಿದ್ದ. ೨೦೨೩ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದರು. ೨೦೨೪ರ ಜುಲೈನಲ್ಲಿ ಐ.ಟಿ. ಕಂಪೆನಿಗಳಲ್ಲಿ ದಿನದ ದುಡಿಮೆಯನ್ನು ೧೪ ಗಂಟೆಗೆ ಏರಿಸುವ ಪ್ರಸ್ತಾಪವೊಂದು ನಮ್ಮ ಸರ್ಕಾರದ ಮುಂದೆ ಬಂದು, ನೌಕರರ ಸಂಘ ಅದನ್ನು ಗಟ್ಟಿಯಾಗಿ ವಿರೋಧಿಸಿತು. ಪತ್ರಿಕೆಯಲ್ಲಿ ಇವನ್ನೆಲ್ಲ ಓದಿದಾಗ ನಾನು ಗೆಳೆಯನಿಗಾಗಿ ಮರುಗಿ, ನನಗಾಗಿ ಒಳಗೊಳಗೇ ಸಂತೋಷಪಟ್ಟೆ.

ನನ್ನ ಲೆಕ್ಕವಾದರೂ ಏನು? ಯುಜಿಸಿಯ ೨೦೧೮ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕ ವಾರಕ್ಕೆ ೧೬ ಗಂಟೆ ಪಾಠ ಹೇಳಬೇಕು. ಅವನಿಗಿಂತ ಮೇಲಿನವರು ೧೪ ಗಂಟೆ. ಒಟ್ಟು ಕೆಲಸ ವಾರಕ್ಕೆ ೪೦ ಗಂಟೆಗೆ ಕಡಿಮೆಯಾಗಬಾರದು. ಅಂಥ ವಾರಗಳು ವರ್ಷಕ್ಕೆ ೩೦. ಪಾಠದ ದಿನಗಳು ೧೮೦. ಹೊರಗಿನವರ ಕಣ್ಣಿಗೆ ಬೀಳುವುದು ಹದಿನಾರು ಮಾತ್ರ. ಉಳಿದ ಇಪ್ಪತ್ತನಾಲ್ಕು ಗಂಟೆ ಎಲ್ಲಿ ಹೋಯಿತೆಂದು ಕೇಳಿದರೆ, “ಓದುತ್ತೇವೆ” ಎನ್ನುತ್ತೇವೆ. ಹಿಂದೆ ಓದುತ್ತಿದ್ದುದೂ ಉಂಟು. ೨೦೧೦ರಲ್ಲಿ ಬಡ್ತಿಗೆ ಅಂಕಗಳ ಪದ್ಧತಿ ಬಂದ ಮೇಲೆ ಸಂಶೋಧನ ಲೇಖನಕ್ಕೆ ಇಷ್ಟು, ವಿಚಾರ ಸಂಕಿರಣಕ್ಕೆ ಇಷ್ಟು ಎಂದು ಕೂಡುವುದರಲ್ಲಿ ಕೆಲವು ವರ್ಷ ಹೋದವು. ನ್ಯಾಕ್ ಸಮಿತಿ ಬರುತ್ತದೆಂದು ತಿಳಿದ ವರ್ಷ ನಾವು ಓದಿದ್ದೆಲ್ಲ ನಮ್ಮದೇ ಕಡತಗಳನ್ನು. ಹಿಂದಿನ ಐದು ವರ್ಷಗಳಲ್ಲಿ ಗಿಡ ನೆಟ್ಟ ಫೋಟೋಗಳನ್ನು ಹುಡುಕಿ ತಾರೀಖು ಬರೆಯುವುದೇ ಒಂದು ತಿಂಗಳ ಕಾರ್ಯ.

ಒಂದು ಭಾನುವಾರ ಗೆಳೆಯ ಹೇಳಿದ ಮಾತು ನನ್ನನ್ನು ಸ್ವಲ್ಪ ಅಲುಗಿಸಿತು. ಕಂಪೆನಿಯ ಬಸ್ಸಿನಲ್ಲಿ ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ. ಆ ಸಮಯದಲ್ಲಿ ಅವನು ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನೂ ಓದಿ ಮುಗಿಸಿದ್ದ. ಗದಾಪರ್ವದ ಬಗ್ಗೆ ಏನೋ ಸಂದೇಹ ಕೇಳಿದ. ನಾನು ಪಠ್ಯದಲ್ಲಿದ್ದ ಉದ್ಯೋಗಪರ್ವದ ಭಾಗವನ್ನು ಹದಿನೈದು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಗದಾಪರ್ವದವರೆಗೆ ಹೋಗಿ ಎಷ್ಟು ಕಾಲವಾಯಿತೋ ನೆನಪಿಲ್ಲ. “ನೋಡಿ ಹೇಳುತ್ತೇನೆ” ಎಂದೆ. ಅವನು ಒತ್ತಾಯ ಮಾಡಲಿಲ್ಲ.

ಇಷ್ಟಾದರೂ ನನ್ನ ಹೆಮ್ಮೆ ಕದಲಿರಲಿಲ್ಲ. ಅದನ್ನು ಕದಲಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ.

ಅವಳು ನಮ್ಮಲ್ಲಿ ಬಿ.ಎ. ಓದಿ, ಆಮೇಲೆ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದವಳು. ತಂದೆ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಕಥೆ ಬರೆಯುತ್ತಾಳೆ, ಒಂದೆರಡು ಅಚ್ಚಾಗಿವೆ. ೨೦೨೪ರ ಜೂನ್ ೧೮ರಂದು ನೆಟ್ ಪರೀಕ್ಷೆ ಬರೆದು ಮನೆಗೆ ಬಂದಳು. ಮರುದಿನ ಪರೀಕ್ಷೆಯೇ ರದ್ದಾಯಿತು. ಮತ್ತೆ ಓದಿ, ಎರಡು ತಿಂಗಳ ಮೇಲೆ ಮತ್ತೆ ಬರೆದು, ಅಧ್ಯಾಪನಕ್ಕೆ ಅರ್ಹಳಾದಳು. ಸಂಶೋಧನ ವೇತನ ಮಾತ್ರ ಸ್ವಲ್ಪದರಲ್ಲಿ ತಪ್ಪಿತು. ಹೀಗೆ ಅರ್ಹತೆಯ ಪತ್ರವನ್ನು ಕೈಯಲ್ಲಿ ಹಿಡಿದವಳು ಒಂದು ಸಂಜೆ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಅವಳಿಗೆ ಉಪ್ಪಿಟ್ಟು ಕೊಟ್ಟು, “ಇವರನ್ನು ಏನಾದರೂ ಕೇಳುವುದಿದ್ದರೆ ಬೇಗ ಕೇಳಮ್ಮ. ಪೀಠಿಕೆ ಶುರುವಾದರೆ ನಿನಗೆ ಬಸ್ಸು ತಪ್ಪುತ್ತದೆ” ಎಂದಳು.

ಅವಳ ಮುಂದೆ ಎರಡು ದಾರಿಗಳಿದ್ದವು. ಒಂದು, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ, ಜೊತೆಗೆ ಪಿಎಚ್.ಡಿ. ಮಾಡುವುದು. ಇನ್ನೊಂದು, ಯಂತ್ರಕ್ಕೆ ಕನ್ನಡ ಕಲಿಸುವ ಒಂದು ಕಂಪೆನಿಯ ಕೆಲಸ. ಕಂಪ್ಯೂಟರು ಬರೆದ ಕನ್ನಡ ವಾಕ್ಯ ಸರಿಯೋ ತಪ್ಪೋ, ತಪ್ಪಾದರೆ ಎಲ್ಲಿ ತಪ್ಪು, ಕನ್ನಡಿಗರು ಅದನ್ನು ಹೇಗೆ ಹೇಳುತ್ತಾರೆ ಎಂದು ತಿದ್ದುವುದು. ಮೂವತ್ತು ವರ್ಷ ತಿದ್ದಿದರೂ ನಮ್ಮ ಹುಡುಗರು ಬಿಡದ ತಪ್ಪುಗಳನ್ನು ಯಂತ್ರ ಬಿಡುವುದಾದರೆ ಬಿಡಲಿ ಎಂದುಕೊಂಡೆ.

ಅತಿಥಿ ಉಪನ್ಯಾಸಕರ ಸ್ಥಿತಿಯನ್ನು ಓದುಗರು ಬಲ್ಲರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅಂಥವರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ತಿಂಗಳಿಗೆ ೧೧,೦೦೦ವೋ ೧೩,೦೦೦ವೋ ಇದ್ದ ಅವರ ಗೌರವಧನವನ್ನು ಅವರ ದೀರ್ಘ ಮುಷ್ಕರದ ತರುವಾಯ ೨೦೨೨ರ ಜನವರಿಯಲ್ಲಿ ೨೬,೦೦೦ದಿಂದ ೩೨,೦೦೦ದವರೆಗೆ ಏರಿಸಿದರು. ಜೊತೆಗೆ ಪಾಠದ ಹೊರೆಯನ್ನು ವಾರಕ್ಕೆ ೧೫ ಗಂಟೆಗೆ ಏರಿಸಿದರು. ಸೇವೆಯ ವರ್ಷಗಳನ್ನು ನೋಡಿ ಆಮೇಲೂ ಸ್ವಲ್ಪ ಹೆಚ್ಚಿಸಿದರು. ಆದರೆ ಹುದ್ದೆ ಹುದ್ದೆಯಾಗಲಿಲ್ಲ. ಅತಿಥಿ ಎಂಬ ಮಾತಿಗೆ ತಿಥಿ ನೋಡದೆ ಬಂದವನು ಎಂದು ಅರ್ಥ ಹೇಳುವುದುಂಟು. ಹದಿನೈದು ವರ್ಷಗಳಿಂದ ಇರುವ ಅತಿಥಿಗಳನ್ನು ನಾನು ಬಲ್ಲೆ. ಯಾವ ತಿಥಿಗೆ ಹೋಗಬೇಕಾದೀತೋ ಎಂಬುದಷ್ಟೇ ಅವರಿಗೆ ತಿಳಿಯದು.

“ಸಂಬಳದ ಪ್ರಶ್ನೆ ಅಲ್ಲ ಸರ್” ಎಂದಳು ಅವಳು. “ಅದು ಕಂಪೆನಿಯಲ್ಲಿಯೇ ಹೆಚ್ಚು, ಅನುಮಾನವಿಲ್ಲ. ಆದರೆ ಅವರು ಕಳಿಸಿರುವ ಕರಾರಿನಲ್ಲಿ ಒಂದು ಮಾತಿದೆ. ಕೆಲಸದಲ್ಲಿರುವಷ್ಟು ದಿನ ನಾನು ಏನು ಬರೆದರೂ ಕಂಪೆನಿಯದಂತೆ. ಹಾಗಾದರೆ ನನ್ನ ಕಥೆಗಳು?”

ನಾನು ಆ ಕರಾರನ್ನು ಗೆಳೆಯನಿಗೆ ತೋರಿಸುತ್ತೇನೆಂದು ಹೇಳಿ, ಅಲ್ಲಿಗೆ ಸುಮ್ಮನಿರಬಹುದಾಗಿತ್ತು. ಕನ್ನಡ ಮೇಷ್ಟ್ರಿಗೆ ಸುಮ್ಮನಿರುವುದು ಸಾಧ್ಯವೆ? ಸಾಹಿತ್ಯ ಚರಿತ್ರೆಯನ್ನು ಬಿಚ್ಚಿದೆ. ಕುವೆಂಪು ೧೯೨೯ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಪಾಠ ಹೇಳುತ್ತಲೇ ‘ಶ್ರೀ ರಾಮಾಯಣ ದರ್ಶನಂ’ ಬರೆದರು. ಬೇಂದ್ರೆಯವರೂ ಮೇಷ್ಟ್ರೇ, ಆದರೆ ‘ನರಬಲಿ’ ಎಂಬ ಒಂದು ಕವನಕ್ಕಾಗಿ ಬ್ರಿಟಿಷರ ಸೆರೆಮನೆ ಕಂಡರು, ಬಿಡುಗಡೆಯಾದ ಮೇಲೂ ಎಷ್ಟೋ ವರ್ಷ ನೆಲೆಯಾದ ಕೆಲಸವಿಲ್ಲದೆ ಬವಣೆಪಟ್ಟು, ೧೯೪೪ರಲ್ಲಿ ಸೊಲ್ಲಾಪುರದ ಕಾಲೇಜು ಸೇರಿದರು. ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟವರು ಮತ್ತೆ ಯಾರ ಸಂಬಳದ ಆಸೆಗೂ ಹೋಗಲಿಲ್ಲ. ಇನ್ನೊಂದು ಕಡೆ ನೋಡಿದರೆ ಯಶವಂತ ಚಿತ್ತಾಲರು ಮುಂಬಯಿಯ ಕಂಪೆನಿಯಲ್ಲಿ ಪಾಲಿಮರ್ ತಂತ್ರಜ್ಞರು. ಅಲ್ಲಿದ್ದೇ ೧೯೭೯ರಲ್ಲಿ ‘ಶಿಕಾರಿ’ ಕೊಟ್ಟರು. ಕಂಪೆನಿಯೊಂದರ ಅಧಿಕಾರಿ ನಾಗಪ್ಪ ಇದ್ದಕ್ಕಿದ್ದಂತೆ ಬೇಟೆಯ ಮಿಕವಾಗುವ ಕಥೆ. ಜಯಂತ ಕಾಯ್ಕಿಣಿಯವರು ಔಷಧದ ಕಂಪೆನಿಯಲ್ಲಿದ್ದರು. ವಿವೇಕ ಶಾನಭಾಗರು ಎಂಜಿನಿಯರು, ವಸುಧೇಂದ್ರ ಸಾಫ್ಟ್‌ವೇರಿನವರು. ಆದುದರಿಂದ ಬರೆಯುವವರು ಎಲ್ಲಿದ್ದರೂ ಬರೆಯುತ್ತಾರೆ ಎಂದು ಸಿದ್ಧಾಂತ ಹೇಳಿ, ಜಯಶೀಲನಾದವನಂತೆ ಕುರ್ಚಿಗೆ ಒರಗಿದೆ.

“ಅದು ಬರೆಯುವ ಮಾತಾಯಿತು ಸರ್” ಎಂದಳು. “ನಾನು ಕೇಳಬೇಕೆಂದಿದ್ದು ಇನ್ನೊಂದು. ನಾಳೆ ಯಾರಾದರೂ ಏನಾದರೂ ಮಾಡು ಎಂದರೆ, ಅದು ಸರಿಯಿಲ್ಲ ಎಂದು ನನಗೆ ಅನಿಸಿದರೆ, ‘ಆಗುವುದಿಲ್ಲ’ ಎಂದು ಎಲ್ಲಿ ಹೇಳಬಹುದು? ಅಲ್ಲಿಯೋ, ಇಲ್ಲಿಯೋ?”

“ಇಲ್ಲಿ” ಎಂದೆ ತಡವಿಲ್ಲದೆ. “ಕಾಲೇಜಿನಲ್ಲಿ. ಖಾಯಂ ಆದ ಮೇಷ್ಟ್ರನ್ನು ಯಾರೂ ಅಲುಗಿಸಲಾರರು.”

ಅವಳು ಮಾತಾಡಲಿಲ್ಲ. ಉಪ್ಪಿಟ್ಟಿನ ತಟ್ಟೆಯ ಅಂಚಿನಲ್ಲಿದ್ದ ಕರಿಬೇವಿನ ಎಲೆಯನ್ನು ಚಮಚದಿಂದ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದಳು. ಆ ಮೌನದಲ್ಲಿ ನನಗೆ ಮರೆತುಹೋಗಿದ್ದ ಒಂದು ಸಂಗತಿ ನೆನಪಾಯಿತು. ಮರೆತುಹೋಗಿತ್ತು ಎಂದೆನೆ? ಮರೆತಿದ್ದೇನೆಂದು ನನ್ನನ್ನು ನಾನೇ ನಂಬಿಸಿದ್ದೆ.

೨೦೧೯ರ ಮಾತು. ಅವಳು ಆಗ ನಮ್ಮಲ್ಲಿ ಬಿ.ಎ. ತರಗತಿಯಲ್ಲಿದ್ದಳು. ಅದೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಇದ್ದ ಎನ್ನುವುದು ಹಾಜರಿ ಪುಸ್ತಕದ ಮಟ್ಟಿಗೆ. ಟೆಸ್ಟಿಗೂ ಸರಿಯಾಗಿ ಬಂದವನಲ್ಲ. ಇಂಟರ್ನಲ್ಸ್‌ನಲ್ಲಿ ಮೂವತ್ತಕ್ಕೆ ಹನ್ನೊಂದು ಅಂಕ ಬರೆದಿದ್ದೆ. ಒಂದು ಬೆಳಿಗ್ಗೆ ಆಫೀಸಿನಿಂದ ಕರೆ ಬಂತು. ಆಡಳಿತ ಮಂಡಳಿಯವರೊಬ್ಬರಿಗೆ ಹುಡುಗ ಬೇಕಾದವನು. “ಸ್ವಲ್ಪ ನೋಡಿ ಸರ್” ಎಂದರು, ಅಷ್ಟೆ. ಯಾರೂ ಗದರಿಸಲಿಲ್ಲ, ದನಿ ಏರಿಸಲಿಲ್ಲ, ಕಾಫಿ ತರಿಸಿಕೊಟ್ಟರು. ನಾನು ಹನ್ನೊಂದನ್ನು ಇಪ್ಪತ್ತೆಂಟು ಮಾಡಿ ಸಹಿ ಹಾಕಿದೆ. ಆ ತರಗತಿಯಲ್ಲಿ ಇಪ್ಪತ್ತೆಂಟು ಬಂದಿದ್ದ ಇನ್ನೊಬ್ಬಳೆಂದರೆ ಇವಳೇ. ಇವಳ ಇಪ್ಪತ್ತೆಂಟರ ಹಿಂದೆ ಒಂದು ವರ್ಷದ ಓದಿತ್ತು.

“ನಿನಗೆ ಗೊತ್ತಿತ್ತೆ?” ಎಂದೆ. ಯಾವ ವಿಷಯವೆಂದು ನಾನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

“ಕ್ಲಾಸಿಗೆಲ್ಲ ಗೊತ್ತಿತ್ತು ಸರ್. ನೋಟೀಸ್ ಬೋರ್ಡಿನಲ್ಲಿ ಹಾಕಿದ್ದರಲ್ಲ” ಎಂದಳು. ಆ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಹಳ ಮೃದುವಾಗಿ, “ನಿಮ್ಮನ್ನು ತೆಗೆದುಹಾಕುತ್ತಿದ್ದರೇ ಸರ್?” ಎಂದು ಕೇಳಿದಳು.

ಅವಳನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ತೆಗೆದುಹಾಕುತ್ತಿದ್ದರೆ? ಇಲ್ಲ. ಅನುದಾನಿತ ಕಾಲೇಜಿನ ಖಾಯಂ ಅಧ್ಯಾಪಕನನ್ನು ಅಂಕ ತಿದ್ದಲಿಲ್ಲವೆಂಬ ಕಾರಣಕ್ಕೆ ತೆಗೆಯುವ ಶಕ್ತಿ ಯಾರಿಗೂ ಇರಲಿಲ್ಲ. ಸಂಬಳ ಹಿಡಿಯುವಂತಿರಲಿಲ್ಲ. ಹಾಗಾದರೆ ನಾನು ಹೆದರಿದ್ದು ಯಾವುದಕ್ಕೆ?

ಇಲ್ಲಿ ಗೆಳೆಯನ ಇನ್ನೊಂದು ಕಥೆ ಹೇಳಲೇಬೇಕು. ೨೦೧೭ರಲ್ಲಿ ಅವನ ಕೈಕೆಳಗೆ ಹತ್ತು ಜನರಿದ್ದರು. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಹತ್ತು ಜನರೂ ಚೆನ್ನಾಗಿ ಕೆಲಸ ಮಾಡಿದ್ದಾರೆಂದು ಬರೆಯುವಂತಿಲ್ಲ. ಇಬ್ಬರನ್ನಾದರೂ ಕೆಳಗಿನ ದರ್ಜೆಗೆ ಇಳಿಸಬೇಕು. ಹಾಗೆ ಇಳಿದವರು ಕೆಲವು ತಿಂಗಳಲ್ಲಿ ಮನೆಗೆ ಹೋಗಬೇಕು. ಎರಡು ಹೆಸರು ಕೊಡಿ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಇವನು ತನ್ನ ರಾಜೀನಾಮೆ ಕೊಟ್ಟ. ತೊಂಬತ್ತು ದಿನದ ನೋಟೀಸನ್ನು ಒಂದು ದಿನವೂ ಬಿಡದೆ ಪೂರೈಸಿದ. ಎರಡು ತಿಂಗಳು ಮನೆಯಲ್ಲಿದ್ದು, ಕಡಿಮೆ ಸಂಬಳಕ್ಕೆ ಇನ್ನೊಂದು ಕಂಪೆನಿ ಸೇರಿದ. ಇದನ್ನು ಅವನು ಲಾಲ್‌ಬಾಗಿನ ಬಂಡೆಯ ಮೇಲೆ ಹೇಳಿದಾಗ ನಾನು ‘ಪಾಪ’ ಎಂದಿದ್ದೆ. ಪಂಜರದವರ ಪಾಡು ನೋಡು ಎಂದುಕೊಂಡಿದ್ದೆ.

ಮರುದಿನವೇ ಅವನಿಗೆ ಫೋನು ಮಾಡಿ, ಆ ಹುಡುಗಿಯ ಕರಾರಿನ ವಿಷಯ ತಿಳಿಸಿ, ಆಮೇಲೆ ಇದನ್ನೂ ಹೇಳಿಕೊಂಡೆ. ಅವನು ನನ್ನನ್ನು ಹಳಿಯಲಿಲ್ಲ, ತನ್ನನ್ನು ಹೊಗಳಿಕೊಳ್ಳಲೂ ಇಲ್ಲ. “ನನ್ನದರಲ್ಲಿ ದೊಡ್ಡಸ್ತಿಕೆ ಏನಿಲ್ಲ ಕಣೋ. ಆ ರಸ್ತೆಯಲ್ಲಿ ಅಂಥ ಕಂಪೆನಿ ಇಪ್ಪತ್ತಿದ್ದವು. ಬಾಗಿಲು ಇರುವ ಮನೆಯಿಂದ ಎದ್ದುಹೋಗುವುದು ಏನು ಮಹಾ? ಈಗ ನನಗೆ ನಲವತ್ತೇಳು. ಮನೆ ಸಾಲದ ಕಂತು ಇನ್ನೂ ಆರು ವರ್ಷ ಇದೆ. ಈಗ ಕೇಳಿದರೆ ಎರಡು ಹೆಸರು ಕೊಟ್ಟುಬಿಡುತ್ತೇನೋ ಏನೋ. ಅಲ್ಲದೆ ಅವತ್ತು ನಾನು ಬಿಟ್ಟೆನೆಂದು ಆ ಇಬ್ಬರು ಉಳಿಯಲಿಲ್ಲ. ನನ್ನ ಜಾಗಕ್ಕೆ ಬಂದವನು ಹೆಸರು ಕೊಟ್ಟ” ಎಂದ. ಸ್ವಲ್ಪ ತಡೆದು, “ನೀನು ಯಾಕೆ ಹೆದರಿದೆ ಅಂತ ನಿನಗೆ ನಿಜವಾಗಿ ಗೊತ್ತಿಲ್ಲವೇ?” ಎಂದು ಕೇಳಿದ.

ಗೊತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ. ನಾನು ಹೆದರಿದ್ದು ಮೂರೂವರೆಯ ಕಾಫಿ ತಪ್ಪೀತೆಂದು.

ಕಾಲೇಜಿನ ಒಳಗನ್ನು ಬಲ್ಲವರಿಗೆ ಇದು ತಮಾಷೆಯಲ್ಲವೆಂದು ತಿಳಿದೀತು. ಮುಖ ಕೆಡಿಸಿಕೊಂಡ ಮೇಷ್ಟ್ರಿಗೆ ಯಾರೂ ಶಿಕ್ಷೆ ಕೊಡುವುದಿಲ್ಲ. ಟೈಮ್ ಟೇಬಲ್ ಕೊಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಒಂದು ಪಾಠ, ಸಂಜೆ ನಾಲ್ಕಕ್ಕೆ ಒಂದು ಪಾಠ, ನಡುವೆ ಆರು ಗಂಟೆ ಗೋಡೆ ನೋಡುವ ಕೆಲಸ. ಪ್ರವೇಶ ಸಮಿತಿಗೆ ಹಾಕುತ್ತಾರೆ, ಶಿಸ್ತು ಸಮಿತಿಗೆ ಹಾಕುತ್ತಾರೆ, ನ್ಯಾಕ್ ಕಡತಗಳ ಕೋಣೆಯ ಬೀಗದ ಕೈ ಕೊಡುತ್ತಾರೆ. ನನ್ನ ಪಾಠಗಳೆಲ್ಲ ಹತ್ತರಿಂದ ಮೂರರ ನಡುವೆ ಅಂದವಾಗಿ ಕುಳಿತಿದ್ದವು. ಅವು ಹಾಗೆ ಕುಳಿತದ್ದು ತಾವಾಗಿ ಅಲ್ಲ. ಎಂಟರ ಪಾಠಕ್ಕೆ ಹೊಸಕೋಟೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಅತಿಥಿ ಉಪನ್ಯಾಸಕಿಯೊಬ್ಬರಿದ್ದರು. ಸಂಜೆಯ ಪಾಠಕ್ಕೆ ಇನ್ನೊಬ್ಬ ಅತಿಥಿ. ನನ್ನ ಬಿಡುವಿನ ಬೆಲೆಯನ್ನು ಅವರು ಕೊಡುತ್ತಿದ್ದರು. ನಾನು ಅದನ್ನು ಸ್ವಾತಂತ್ರ್ಯವೆಂದು ಹೋಟೆಲಿನವರ ಮುಂದೆ ಮೆರೆಸುತ್ತಿದ್ದೆ.

ಕನ್ನಡದಲ್ಲಿ ‘ಬಿಡುವು’ ಎಂಬ ಮಾತೂ ‘ಬಿಡುಗಡೆ’ ಎಂಬ ಮಾತೂ ‘ಬಿಡು’ ಎಂಬ ಒಂದೇ ಧಾತುವಿನಿಂದ ಬಂದವು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಅಕ್ಕತಂಗಿಯರಂತೆ ಕಾಣುವ ಈ ಮಾತುಗಳು ಒಂದರ ಜಾಗದಲ್ಲಿ ಒಂದು ಕುಳಿತು ಮೋಸ ಮಾಡಬಲ್ಲವೆಂದು ಮಾತ್ರ ನನಗೆ ಹೊಳೆದಿರಲಿಲ್ಲ. ನನ್ನಲ್ಲಿದ್ದದ್ದು ಬಿಡುವು. ಅದನ್ನು ಕಾಪಾಡಿಕೊಳ್ಳುವುದಕ್ಕೆ ಬಿಡುಗಡೆಯನ್ನು ಬಿಟ್ಟುಕೊಟ್ಟಿದ್ದೆ. ಗೆಳೆಯನಿಗೆ ಬಿಡುವು ಎಂಬುದೇ ಇರಲಿಲ್ಲ. ಆದರೆ ಬಿಡುವುದು ಅವನ ಕೈಯಲ್ಲಿತ್ತು. ಒಂದು ಸಲವಾದರೂ ಅವನು ಬಿಟ್ಟ.

ನಾನು ವರ್ಷವರ್ಷವೂ ಪಾಠ ಹೇಳುವ ಕವಿಯೊಬ್ಬ ಈ ವಿಷಯದಲ್ಲಿ ನನಗಿಂತ ತಿಳಿದವನು. ಹರಿಹರ ದ್ವಾರಸಮುದ್ರದ ಹೊಯ್ಸಳ ಅರಸನ ಬಳಿ ಕರಣಿಕನಾಗಿದ್ದನೆಂದು ಐತಿಹ್ಯ. ಎಂದರೆ ಲೆಕ್ಕಪತ್ರದ ಕೆಲಸ. ಲೆಕ್ಕದ ಮೊದಲಿಗೂ ಕೊನೆಗೂ ಹಂಪೆಯ ವಿರೂಪಾಕ್ಷನ ಹೆಸರು ಬರೆಯುತ್ತಿದ್ದನಂತೆ. ಒಂದು ದಿನ ಅರಸನ ಲೆಕ್ಕ ಸಾಕೆಂದು ಎದ್ದು ಹಂಪೆಗೆ ಹೋದ. ಶಿವಶರಣರ ರಗಳೆಗಳನ್ನು ಬರೆದ. ಮನುಷ್ಯರನ್ನು ಹೊಗಳಿ ಬರೆಯುವುದಿಲ್ಲವೆಂದ. ಹಂಪೆಯಲ್ಲಿ ಅವನಿಗೆ ದ್ವಾರಸಮುದ್ರಕ್ಕಿಂತ ಹೆಚ್ಚು ಬಿಡುವಿತ್ತೆಂದು ಯಾರೂ ಹೇಳಿಲ್ಲ. ಆ ರಗಳೆಗಳ ರಾಶಿ ನೋಡಿದರೆ ಹಗಲೂ ರಾತ್ರಿಯೂ ಬರೆದಿರಬೇಕು. ಇದನ್ನು ಹೇಳಿ ಎಲ್ಲರೂ ಕೆಲಸ ಬಿಡಿ ಎಂದು ಬೋಧಿಸುವ ಉದ್ದೇಶ ನನಗಿಲ್ಲ. ಎಲ್ಲರಿಗೂ ಹಂಪೆಯಲ್ಲಿ ಮನೆ ಇರುವುದಿಲ್ಲ. ಹೊಸಕೋಟೆಯ ಬಸ್ಸಿನಲ್ಲಿ ಬರುವ ಆ ಉಪನ್ಯಾಸಕಿಗೆ ಬಿಡುವೂ ಇಲ್ಲ, ಬಿಡುವಂತೆಯೂ ಇಲ್ಲ. ನನ್ನಂಥವನ ಸ್ಥಿತಿ ಅದಲ್ಲ. ಕುರ್ಚಿ ಬಿಡದೆಯೂ ‘ಆಗುವುದಿಲ್ಲ’ ಎನ್ನುವ ಹಕ್ಕನ್ನು ಸಮಾಜ ನನಗೆ ತಿಂಗಳ ಸಂಬಳದೊಡನೆ ಕೊಟ್ಟಿದೆ. ಅಂಥ ಹಕ್ಕನ್ನು ಇಪ್ಪತ್ತು ವರ್ಷ ಟ್ರಂಕಿನಲ್ಲಿಟ್ಟು, ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದೆ.

ಗೆಳೆಯ ಆ ಹುಡುಗಿಯ ಕರಾರನ್ನು ಸಾಲುಸಾಲಾಗಿ ಓದಿದ. ಕೆಲಸ ಬಿಟ್ಟ ಮೇಲೆ ಇಂತಿಷ್ಟು ಕಾಲ ಅಂಥದೇ ಬೇರೆ ಕಂಪೆನಿ ಸೇರಬಾರದೆಂಬ ಷರತ್ತಿಗೆ ಹೆದರಬೇಡ, ೧೮೭೨ರ ಕರಾರು ಕಾಯಿದೆಯ ೨೭ನೆಯ ಕಲಮು ಅಂಥ ತಡೆಯನ್ನು ಒಪ್ಪುವುದಿಲ್ಲ ಎಂದ. ಕಥೆಗಳ ವಿಷಯ ಬೇರೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೌಕರಿಯ ಕೆಲಸವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನಿಗೆ ಸೇರುತ್ತದೆ. ಮನೆಯಲ್ಲಿ ಕುಳಿತು ಬರೆದ ಕಥೆ ಹಾಗಲ್ಲ. ಆದರೆ ಕರಾರಿನಲ್ಲಿ ‘ಏನು ಬರೆದರೂ’ ಎಂದಿರುವಾಗ ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಳ್ಳಬೇಕು. “ಕೇಳಿದರೆ ಕೆಲಸ ಕೊಡದೆ ಹೋದರೆ?” ಎಂದಳು ಅವಳು. “ಕೊಡದಿದ್ದರೆ ಸೇರುವ ಮೊದಲೇ ತಿಳಿದಂತಾಯಿತಲ್ಲಮ್ಮ” ಎಂದ ಗೆಳೆಯ. ಅವಳು ಪತ್ರ ಬರೆದಳು. ಒಂಬತ್ತು ದಿನ ಉತ್ತರವಿಲ್ಲ. ಆ ಒಂಬತ್ತು ದಿನ ಅವಳಿಗಿಂತ ನಾನು ಹೆಚ್ಚು ಒದ್ದಾಡಿದೆ. ಹತ್ತನೆಯ ದಿನ, ಕೆಲಸದ ಹೊತ್ತಿನ ಆಚೆ ಸ್ವಂತವಾಗಿ ಬರೆದ ಸಾಹಿತ್ಯ ಕೃತಿಗಳು ಅವಳವೇ ಎಂಬ ಒಂದು ಸಾಲು ಸೇರಿಸಿ ಹೊಸ ಕರಾರು ಕಳಿಸಿದರು. ಅವಳು ಸೇರಿದಳು. ಪಿಎಚ್.ಡಿ. ಆಸೆ ಬಿಟ್ಟಿಲ್ಲ, ಮೂರು ವರ್ಷ ದುಡಿದು ಸ್ವಲ್ಪ ಕೂಡಿಟ್ಟುಕೊಂಡು ಬರುತ್ತೇನೆ ಎಂದಿದ್ದಾಳೆ. ಬರುತ್ತಾಳೋ ಇಲ್ಲವೋ, ಮೊದಲ ‘ಆಗುವುದಿಲ್ಲ’ವನ್ನು ಸೇರುವ ಮೊದಲೇ ಹೇಳಿ ಸೇರಿದ್ದಾಳೆ. ನನಗೆ ಅದಕ್ಕೆ ಇಪ್ಪತ್ತು ವರ್ಷ ಬೇಕಾಯಿತು.

ಏಕೆಂದರೆ ಕಳೆದ ಸೆಮಿಸ್ಟರಿನಲ್ಲಿ ಆಫೀಸಿನಿಂದ ಮತ್ತೆ ಕರೆ ಬಂತು. ಮತ್ತೆ ಅದೇ ಕಾಫಿ. ಅದೇ “ಸ್ವಲ್ಪ ನೋಡಿ ಸರ್”. ನೋಡಿದೆ. ಟೆಸ್ಟಿನ ಪುಸ್ತಕಗಳನ್ನು ತರಿಸಿ ಇನ್ನೊಮ್ಮೆ ನಿಜವಾಗಿಯೇ ನೋಡಿದೆ. ಒಂದು ಅಂಕ ಕೂಡುವುದರಲ್ಲಿ ಬಿಟ್ಟುಹೋಗಿತ್ತು; ಅದನ್ನು ಸೇರಿಸಿ ಒಂಬತ್ತನ್ನು ಹತ್ತು ಮಾಡಿದೆ. “ಇಷ್ಟೇ ಆಗುವುದು” ಎಂದೆ. ಕೈ ಸ್ವಲ್ಪ ನಡುಗುತ್ತಿತ್ತೆಂದು ಒಪ್ಪಿಕೊಳ್ಳುತ್ತೇನೆ. ಯಾರೂ ಏನೂ ಅನ್ನಲಿಲ್ಲ.

ಹೊಸ ಸೆಮಿಸ್ಟರಿನ ಟೈಮ್ ಟೇಬಲ್ ಮೊನ್ನೆ ಬಂತು. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಎಂಟರ ಪಾಠ ನನ್ನದು. ಎರಡು ದಿನ ಸಂಜೆ ನಾಲ್ಕರದೂ ನನ್ನದೇ. ಹೊಸಕೋಟೆಯ ಉಪನ್ಯಾಸಕಿ ಸ್ಟಾಫ್ ರೂಮಿನಲ್ಲಿ ನನ್ನ ಬಳಿ ಬಂದು, “ನಿಮಗೆ ಬಹಳ ತೊಂದರೆಯಾಯಿತು ಸರ್. ನನಗೆ ಮಾತ್ರ ಮಗುವನ್ನು ಸ್ಕೂಲಿಗೆ ಬಿಟ್ಟು ಬರುವುದಕ್ಕೆ ಅನುಕೂಲವಾಯಿತು” ಎಂದರು. ಹೋಟೆಲಿನ ಯಜಮಾನರು ಎರಡು ದಿನದಿಂದ ನಾನು ಕಾಣಲಿಲ್ಲವೆಂದು ಮನೆಯಲ್ಲಿ ವಿಚಾರಿಸಿದರಂತೆ. ನನ್ನ ಹೆಂಡತಿ, “ಅವರಿಗೆ ಈಗ ಬಿಡುವು ಕಡಿಮೆ” ಎಂದು ಹೇಳಿ ಕಳಿಸಿದಳಂತೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹರಿಹರನ ಪಾಠವಿದೆ. ಬೇಗ ಮಲಗಬೇಕು.